ಅಪ್ಪ ಬಂದ, ಅಪ್ಪ ಬಂದರು

ಈಗ ಪರದೆಯ ಮೇಲೆ ನೀವು ನೋಡುತ್ತಿರುವುದು ನನ್ನ ಬರೆಯುವ ಮೇಜು. ಎಡಬದಿಯ ಮೂರು ನೋಟ್‌ಬುಕ್‌ಗಳಲ್ಲಿ ಒಂದೇ ಕಾದಂಬರಿಯ ಮೊದಲ ಅಧ್ಯಾಯ ಹನ್ನೊಂದು ಬಗೆಯಲ್ಲಿ ಇದೆ. ಏಳನೆಯ ಅಧ್ಯಾಯ ಅರ್ಧಕ್ಕೆ ನಿಂತಿದೆ. ಏನು ಮಾಡುತ್ತಿದ್ದೀರಿ ಎಂದು ಕೇಳಿದವರಿಗೆಲ್ಲ ನಾಲ್ಕು ವರ್ಷಗಳಿಂದ ‘ಕಾದಂಬರಿ ಬರೆಯುತ್ತಿದ್ದೇನೆ’ ಎಂದೇ ಹೇಳುತ್ತ ಬಂದಿದ್ದೇನೆ. ಈಚೆಗೆ ಯಾರೂ ಕೇಳುವುದಿಲ್ಲ, ಅದೊಂದು ಉಪಕಾರ.

ಮೊದಲೆರಡು ವರ್ಷ, ಇದಕ್ಕೆಲ್ಲ ನನ್ನ ಸೋಮಾರಿತನವೇ ಕಾರಣವೆಂದು ನಂಬಿ ಶಿಸ್ತಿನ ಮೊರೆಹೊಕ್ಕೆ. ಅಂಚೆ ಇಲಾಖೆಯ ನೌಕರಿಯ ಜೊತೆಜೊತೆಗೇ ಕಾದಂಬರಿಗಳನ್ನು ಬರೆದ, ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಲೇಖಕ ಆಂಥನಿ ಟ್ರಾಲಪ್, ಗಡಿಯಾರವನ್ನು ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದಗಳ ಲೆಕ್ಕದಲ್ಲಿ ಬರೆಯುತ್ತಿದ್ದುದನ್ನು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅದನ್ನು ಓದಿ ನಾನೂ ಗಡಿಯಾರ ಇಟ್ಟುಕೊಂಡೆ. ಮೂವತ್ತು ದಿನಗಳಲ್ಲಿ 50,000 ಪದ, ಅಂದರೆ ದಿನಕ್ಕೆ 1,667 ಪದ ಬರೆಯಬೇಕೆಂಬ ಪಂಥಕ್ಕೂ ಇಳಿದೆ. ಆ ಲೆಕ್ಕ ಹುಟ್ಟಿದ್ದು ಇಂಗ್ಲಿಷಿನಲ್ಲಿ ಎಂಬುದು ನನಗೆ ಹೊಳೆದಾಗ ಹತ್ತು ದಿನ ಕಳೆದಿತ್ತು. ‘ಹೋಗಬೇಕಾಗಿತ್ತಂತೆ’ ಎಂಬ ನಮ್ಮ ಒಂದು ಪದವನ್ನು ಇಂಗ್ಲಿಷಿನಲ್ಲಿ ಹೇಳಲು ಐದಾರು ಪದ ಬೇಕು. ರಾತ್ರಿಯಿಡೀ ಬರೆದರೂ ಕಂಪ್ಯೂಟರು ಒಂಬೈನೂರು ಎಂದು ತೋರಿಸುತ್ತಿದ್ದುದನ್ನು ಕಂಡು ನಾನು ಕುಗ್ಗಿದ್ದು ಸುಳ್ಳಲ್ಲ. ಹತ್ತೊಂಬತ್ತನೆಯ ದಿನ ಪಂಥವನ್ನು ಕೈಬಿಟ್ಟೆ.

ನಿಜವಾದ ತೊಡಕು ಇದ್ದುದು ಬೇರೆಡೆ, ಅದೂ ಒಂದೇ ಒಂದು ವಾಕ್ಯದಲ್ಲಿ. ಏಳನೆಯ ಅಧ್ಯಾಯದಲ್ಲಿ ಒಬ್ಬ ತಂದೆ, ಮಗಳಿಗೆ ಬಂದ ಕಾಲೇಜಿನ ಪತ್ರವನ್ನು ಯಾರಿಗೂ ಹೇಳದೆ ಟ್ರಂಕಿನಲ್ಲಿ ಅಡಗಿಸಿಡಬೇಕು. ‘ಅವರು ಪತ್ರವನ್ನು ಟ್ರಂಕಿನ ತಳಕ್ಕೆ ಸೇರಿಸಿ ಬೀಗ ಹಾಕಿದರು’ ಎಂದು ಬರೆದೆ. ಓದಿ ನೋಡಿದರೆ, ಪಾಪ, ಹಿರಿಯರು, ಏನೋ ಯೋಚನೆ ಮಾಡಿಯೇ ಹಾಗೆ ಮಾಡಿರಬೇಕು ಎನ್ನಿಸುವಂತಿತ್ತು. ಬಹುವಚನವೇ ಅವರ ಪರವಾಗಿ ವಕಾಲತ್ತು ವಹಿಸಿತ್ತು. ‘ಅವನು ಬೀಗ ಹಾಕಿದ’ ಎಂದು ತಿದ್ದಿದೆ. ಮರುಕ್ಷಣವೇ ಅವನು ಖಳನಾದ, ಮತ್ತು ನನ್ನ ಕೈ ಮುಂದೆ ಓಡಲಿಲ್ಲ. ನಮ್ಮ ಮನೆಯಲ್ಲಿ ಅಪ್ಪನಿಗೆ ಏಕವಚನವನ್ನು ಯಾರೂ ಬಳಸಿದವರಲ್ಲ. ಇಂಗ್ಲಿಷಿನಲ್ಲಿ ‘ಹೀ’ ಎಂದು ಬರೆದು ಮುಂದಕ್ಕೆ ಹೋಗಬಲ್ಲವರ ಮೇಲೆ ನನಗೆ ಆ ದಿನಗಳಲ್ಲಿ ಹುಟ್ಟಿದ ಅಸೂಯೆ ಅಷ್ಟಿಷ್ಟಲ್ಲ. ಕೊನೆಗೆ ಜಾಣತನ ಮಾಡಿ ‘ಪತ್ರ ಟ್ರಂಕಿನ ತಳ ಸೇರಿತು’ ಎಂದು ಬರೆದೆ. ವ್ಯಾಕರಣ ಸರಿಯಾಗಿದೆ, ಯಾರ ಮೇಲೂ ತಪ್ಪಿಲ್ಲ, ಪತ್ರ ತಾನಾಗಿಯೇ ನಡೆದು ಹೋಗಿ ಟ್ರಂಕಿನಲ್ಲಿ ಮಲಗಿದಂತಿದೆ. ಆ ವಾಕ್ಯವನ್ನು ಎಂಟು ತಿಂಗಳು ಹಾಗೆಯೇ ಇಟ್ಟುಕೊಂಡಿದ್ದೆ, ಮತ್ತು ಆ ಎಂಟು ತಿಂಗಳಲ್ಲಿ ಅದರ ಮುಂದಿನ ವಾಕ್ಯ ಬರಲಿಲ್ಲ.

ನಿಮಗೆ ಕೇಳಿಸುತ್ತಿರುವ ಈ ನಿರೂಪಣೆಯನ್ನು ಮಾತ್ರ ಒಂದೇ ಬೈಠಕ್ಕಿನಲ್ಲಿ ಬರೆದು ಮುಗಿಸಿದೆ ಎಂಬುದು ನನಗೇ ನಾಚಿಕೆಯ ಸಂಗತಿ. ಬರೆದಾದ ಮೇಲೆ, ಈ ಮೂರೂ ವಾಕ್ಯಗಳು ಮೈಕಿನಲ್ಲಿ ಹೇಗೆ ಕೇಳಿಸುತ್ತವೆ ಎಂದು ನೋಡಲು ನಿನ್ನೆ ರಾತ್ರಿ ಗಟ್ಟಿಯಾಗಿ ಓದಿದೆ. ‘ಬೀಗ ಹಾಕಿದ’ ಎಂದು ಓದಿದಾಗ, ಹಾಳೆಯಲ್ಲಿ ಇಲ್ಲದ ಇನ್ನೊಂದು ವಾಕ್ಯ ಬಾಯಿಗೆ ಬಂತು: ‘ಹಾಕಿದ ಮೇಲೆ ಅದನ್ನು ಎರಡು ಸಲ ಎಳೆದು ನೋಡಿದ.’

ನನ್ನ ಅಪ್ಪ ಹಾಗೆಯೇ ಎಳೆದು ನೋಡುತ್ತಿದ್ದರು, ಪ್ರತಿ ರಾತ್ರಿ, ಮುಂಬಾಗಿಲ ಬೀಗವನ್ನು. ಅದನ್ನು ಆ ಮನುಷ್ಯನಿಗೆ ಕೊಡಬಹುದೇ ಎಂದು ಇನ್ನೂ ತೀರ್ಮಾನಿಸಿಲ್ಲ. ವಾಕ್ಯವನ್ನು ಸದ್ಯಕ್ಕೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಪರದೆಯ ಬಲ ಮೂಲೆಯಲ್ಲಿ ಕಾಣುತ್ತಿರುವುದು ಅದೇ ಹಾಳೆ.