ಬೋರ್ಡು ಓದಬೇಡಿ, ಸದ್ದು ಕೇಳಿ

ಕೇಳುಗರಿಗೆ ನಮಸ್ಕಾರ.

ಈ ಹೊತ್ತಿನಲ್ಲಿ ನಿಮ್ಮಲ್ಲಿ ಅರ್ಧ ಜನ ಅಡುಗೆಮನೆಯಲ್ಲಿದ್ದೀರಿ, ರೇಡಿಯೋ ಉಪ್ಪಿನ ಡಬ್ಬಿಯ ಪಕ್ಕದಲ್ಲಿದೆ. ಉಳಿದವರು ಗಾಡಿ ಓಡಿಸುತ್ತಿದ್ದೀರಿ. ಇವತ್ತಿನ ಮಾತು ಗಾಡಿಯಲ್ಲಿರುವವರಿಗೆ. ಅಡುಗೆಮನೆಯಲ್ಲಿರುವವರಿಗೆ ನಾನು ಹೇಳುವುದೆಲ್ಲ ಮೊದಲೇ ಗೊತ್ತು. ನಾನು ಎಲ್ಲಿ ತಪ್ಪುತ್ತೇನೆ ಎಂದು ನೋಡುತ್ತಿರಿ.

ಬಾಗಲಕೋಟೆಯಲ್ಲಿ, ಸುತ್ತಲಿನ ಊರುಗಳಲ್ಲಿ ಯಾರಿಗೂ ಗೊತ್ತಿಲ್ಲದ ಒಳ್ಳೆಯ ಊಟದ ಜಾಗಗಳ ಬಗ್ಗೆ ಮಾತನಾಡಿ ಎಂದು ನನಗೆ ಹೇಳಿದ್ದಾರೆ. ಯಾರಿಗೂ ಗೊತ್ತಿಲ್ಲ ಎನ್ನುವ ಮಾತೇ ತಪ್ಪು. ಮಧ್ಯಾಹ್ನ ಒಂದು ಗಂಟೆಗೆ ಹೋಗಿ ನೋಡಿ, ಅಲ್ಲಿ ಕೂರಲು ಜಾಗ ಇರುವುದಿಲ್ಲ. ಎಪಿಎಂಸಿಯ ಹಮಾಲರಿಗೆ ಗೊತ್ತು, ಬಸ್ಸಿನ ಕಂಡಕ್ಟರಿಗೆ ಗೊತ್ತು, ಕೋರ್ಟಿಗೆ ತಾರೀಖಿಗೆಂದು ಬಂದ ರೈತನಿಗೆ ಗೊತ್ತು. ಗೊತ್ತಿಲ್ಲದವರು ನಾವು, ಬೋರ್ಡು ಓದಲು ಕಲಿತವರು. ಆದ್ದರಿಂದ ನಾನು ಒಂದೇ ಮಾತು ಹೇಳುತ್ತೇನೆ, ಮತ್ತೆ ಮತ್ತೆ ಹೇಳುತ್ತೇನೆ: ಬೋರ್ಡು ಓದಬೇಡಿ, ಸದ್ದು ಕೇಳಿ.

ಯಾವ ಸದ್ದು? ಜೋಳದ ರೊಟ್ಟಿ ಬಡಿಯುವ ಸದ್ದು. ಖಾನಾವಳಿಯ ಹಿಂದೆ ಎಲ್ಲೋ ಒಂದು ಕಲ್ಲಿನ ಮೇಲೆ ಅಂಗೈ ಬೀಳುವ ಸದ್ದು. ಅದು ಕೇಳಿಸಿದರೆ ಒಳಗೆ ಹೋಗಿ. ಕೇಳಿಸದಿದ್ದರೆ ಮುಂದೆ ನಡೆಯಿರಿ. ಒಳಗೆ ತಂಪು ಗಾಳಿ ಬೀಸುತ್ತಿರಲಿ, ಗೋಡೆಯ ಮೇಲೆ ಎತ್ತಿನ ಬಂಡಿಯ ಚಿತ್ರ ಇರಲಿ, ಮುಂದೆ ನಡೆಯಿರಿ.

ನಾನು ಇದನ್ನು ಎಲ್ಲಿ ಕಲಿತೆ ಎಂದರೆ, ಹಿತ್ತಿಲ ಬಾಗಿಲಲ್ಲಿ. ಮೂವತ್ತು ವರ್ಷ ರೈತ ಮಹಿಳೆಯರಿಗೆ ತರಬೇತಿ ಕೊಡುವ ಸರ್ಕಾರಿ ಕೆಲಸದಲ್ಲಿದ್ದವಳು ನಾನು. ಜೋಳದ ಹಿಟ್ಟಿನಿಂದ ಬಿಸ್ಕತ್ತು ಮಾಡುವುದು ಹೇಗೆ ಎಂದು ಹಳ್ಳಿಹಳ್ಳಿಗೆ ಹೋಗಿ ಕಲಿಸುತ್ತಿದ್ದೆ. ಅವರು ಆ ಬಿಸ್ಕತ್ತನ್ನು ನಾಲಿಗೆಯ ತುದಿಗೆ ಮುಟ್ಟಿಸಿ, ನನ್ನ ಮನಸ್ಸು ನೋಯಬಾರದೆಂದು ತಲೆ ಆಡಿಸಿ, ಮಕ್ಕಳ ಕೈಗೆ ಕೊಡುತ್ತಿದ್ದರು. ಇರಲಿ. ಮಧ್ಯಾಹ್ನದ ಊಟಕ್ಕೆ ಪೇಟೆಯ ಖಾನಾವಳಿಗೆ ಬರಬೇಕಾಗುತ್ತಿತ್ತು. ಮುಂದಿನ ಪಡಸಾಲೆಯಲ್ಲಿ ಗಂಡಸರು ಸಾಲಾಗಿ ಕೂತಿರುತ್ತಿದ್ದರು. ಒಬ್ಬಳೇ ಹೆಣ್ಣುಮಗಳು ಕೈಚೀಲ ಹಿಡಿದು ಹೊಸ್ತಿಲಲ್ಲಿ ನಿಂತರೆ ಎಲ್ಲರ ತುತ್ತು ಅರ್ಧಕ್ಕೇ ನಿಲ್ಲುತ್ತಿತ್ತು. ಅವರಿಗೂ ಮುಜುಗರ, ನನಗೂ ಮುಜುಗರ. ಆಗ ಒಳಗಿನಿಂದ ಯಾರಾದರೂ "ಅಕ್ಕಾ, ಈ ಕಡೆಯಿಂದ ಬನ್ನಿ" ಎಂದು ಕರೆದು, ಒಲೆಯ ಪಕ್ಕ ಮಣೆ ಹಾಕುತ್ತಿದ್ದರು. ಹೀಗಾಗಿ ಈ ಜಿಲ್ಲೆಯ ಖಾನಾವಳಿಗಳ ಹಿಂಭಾಗ ನನಗೆ ಚೆನ್ನಾಗಿ ಗೊತ್ತು. ಮುಂಭಾಗ ಹೇಗಿದೆ ಎಂದು ಕೇಳಿದರೆ ಹೇಳಲಾರೆ.

ಸದ್ದೇ ಏಕೆ? ಗೋಧಿ ಹಿಟ್ಟಿನಲ್ಲಿ ಅಂಟು ಇರುತ್ತದೆ. ನಾದಿದರೆ ಹಿಗ್ಗುತ್ತದೆ, ಲಟ್ಟಿಸಿದರೆ ಹರಡುತ್ತದೆ, ನಾದಿಟ್ಟು ಮರೆತು ಒಂದು ಗಂಟೆ ಬಿಟ್ಟು ಬಂದರೂ ಕಾಯುತ್ತಿರುತ್ತದೆ. ಜೋಳದಲ್ಲಿ ಆ ಅಂಟು ಇಲ್ಲ. ಕುದಿಯುವ ಎಸರು ಹಾಕಿದಾಗ ಹಿಟ್ಟಿಗೆ ಜಿಗಿ ಬರುತ್ತದೆ, ಆ ಜಿಗಿ ಆರುವ ಮೊದಲು ನಾದಬೇಕು, ಬಡಿಯಬೇಕು, ಹಂಚಿಗೆ ಹಾಕಬೇಕು. ಹಿಟ್ಟು ಹಳೆಯದಾದರೆ ಜಿಗಿಯೇ ಬರುವುದಿಲ್ಲ, ರೊಟ್ಟಿಯ ಅಂಚು ಬೇಸಿಗೆಯ ಎರೆಹೊಲದಂತೆ ಬಿರಿಯುತ್ತದೆ. ಬೆಂದ ರೊಟ್ಟಿಯೂ ಕಾಯುವುದಿಲ್ಲ. ಆರಿದಂತೆ ಬಿರುಸಾಗುತ್ತದೆ. ಅಂದರೆ ಬಿಸಿ ರೊಟ್ಟಿಗೆ ಸುಳ್ಳು ಹೇಳಲು ಬರುವುದಿಲ್ಲ. ನೀವು ಉಣ್ಣುವಾಗ ಯಾರೋ ಬಡಿಯುತ್ತಿರಲೇಬೇಕು. ಕಟಕ ರೊಟ್ಟಿಯ ಮಾತು ಬೇರೆ. ಅದನ್ನು ಒಣಗಿಸಿಯೇ ಮಾಡುವುದು, ಗಂಟು ಕಟ್ಟಿಕೊಂಡು ಕಾಶಿಗೆ ಹೋಗಬಹುದು. ನಾನು ಹೇಳುತ್ತಿರುವುದು ಬಿಸಿ ರೊಟ್ಟಿಯ ವಿಷಯ.

ಆ ಸದ್ದನ್ನು ಸ್ವಲ್ಪ ಗಮನವಿಟ್ಟು ಕೇಳಬೇಕು. ಮುದ್ದೆ ದಪ್ಪವಿದ್ದಾಗ ಧಪ್ ಧಪ್ ಎಂದು ಮಂದವಾಗಿ ಕೇಳುತ್ತದೆ. ತೆಳುವಾಗುತ್ತ ಹೋದಂತೆ ಕಲ್ಲು ಮಾತನಾಡತೊಡಗುತ್ತದೆ, ಪಟ ಪಟ ಪಟ. ನಡುವೆ ರೊಟ್ಟಿ ತಿರುಗಿಸುವಾಗ ಬಳೆ ಸರಿದ ಸದ್ದು. ಆಮೇಲೆ ಒಂದು ಕ್ಷಣ ಮೌನ. ರೊಟ್ಟಿ ಎರಡೂ ಅಂಗೈಗಳ ಮೇಲೆ ಎದ್ದು ಹಂಚಿಗೆ ಹೋಗಿರುತ್ತದೆ. ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಅದರ ಮೇಲೆ ಸವರಿದಾಗ ಚುಂಯ್ ಎನ್ನುತ್ತದೆ. ಒಬ್ಬೊಬ್ಬರ ಕೈಯ ತಾಳವೂ ಬೇರೆ.

ಇದನ್ನು ಹೇಳುವಾಗ ನನಗೆ ಹಳೆ ಬಾಗಲಕೋಟೆಯ ಒಬ್ಬ ಅಕ್ಕನ ನೆನಪಾಗದೆ ಇರುವುದಿಲ್ಲ. ಪೇಟೆಯ ಹಿಂದಿನ ಒಂದು ಓಣಿಯಲ್ಲಿ ಅವರ ಖಾನಾವಳಿ ಇತ್ತು. ಬೋರ್ಡು ಎಂದರೆ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದ ಎರಡು ಅಕ್ಷರ, ಅವೂ ಮಳೆಗೆ ತೊಳೆದುಹೋಗಿದ್ದವು. ಅವರ ಬಲಗೈಯ ಹೆಬ್ಬೆರಳು ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕಿ ಸೊಟ್ಟಗಾಗಿತ್ತು. ಹೀಗಾಗಿ ಅವರು ರೊಟ್ಟಿ ಬಡಿದರೆ ತಾಳ ಕುಂಟುತ್ತಿತ್ತು. ಮೂರು ಏಟು, ಒಂದು ತಡೆ, ಮತ್ತೆ ಎರಡು ಏಟು. ಆ ತಡೆಯಲ್ಲಿ ಎಡಗೈ ರೊಟ್ಟಿಯನ್ನು ತಿರುಗಿಸುತ್ತಿತ್ತು. ರೊಟ್ಟಿಯ ದುಂಡಿಗೆ ಮಾತ್ರ ಕೈವಾರ ಹಿಡಿದು ನೋಡಬೇಕು, ಹಾಗಿರುತ್ತಿತ್ತು. ತಟ್ಟೆಯಲ್ಲಿ ಪುಂಡಿಪಲ್ಯ, ಅದರೊಳಗೆ ಜೋಳದ ನುಚ್ಚು, ಮೇಲೆ ಬೆಳ್ಳುಳ್ಳಿಯ ಒಗ್ಗರಣೆ. ಪಕ್ಕದಲ್ಲಿ ಗುರೆಳ್ಳಿನ ಪುಡಿ, ಅದರ ನಡುವೆ ಬೆರಳಿನಿಂದ ಒಂದು ಗುಳಿ ಮಾಡಿ ಅದಕ್ಕೆ ಎಣ್ಣೆ. ಒಂದು ಹಿಡಿ ಹಕ್ಕರಕಿ ಸೊಪ್ಪು, ಕುಟ್ಟಿ ಒಡೆದ ಉಳ್ಳಾಗಡ್ಡಿ. ನನ್ನ ಕೈಚೀಲದಲ್ಲಿದ್ದ ಬಿಸ್ಕತ್ತಿನ ಪೊಟ್ಟಣವನ್ನು ಅವರಿಗೆ ಒಮ್ಮೆ ಕೊಟ್ಟಿದ್ದೆ. ತಿಂದು ನೋಡಿ, "ಜೋಳಕ್ಕೆ ಇಷ್ಟು ಕಷ್ಟ ಏಕೆ ಕೊಟ್ಟಿರಿ?" ಎಂದು ಕೇಳಿದರು. ನನ್ನ ಕೆಲಸವನ್ನು ಅದಕ್ಕಿಂತ ಚೆನ್ನಾಗಿ ಯಾವ ಮೇಲಧಿಕಾರಿಯೂ ಅಳೆಯಲಿಲ್ಲ.

ಆಮೇಲೆ ನಿಮಗೆಲ್ಲ ಗೊತ್ತಿರುವ ಕಥೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂತು, ಮುಳುಗಡೆ ಬಂತು, ಮನೆಗಳ ಗೋಡೆಗೆ ನಂಬರು ಬಿತ್ತು. ನನಗೆ ಬೇರೆ ತಾಲ್ಲೂಕಿಗೆ ವರ್ಗವಾಯಿತು. ಕೆಲವು ವರ್ಷ ಬಿಟ್ಟು ಬಂದು ನೋಡಿದರೆ ಆ ಓಣಿಯೇ ಇಲ್ಲ. ಮುಳುಗಡೆಯವರಿಗೆಂದು ಕಟ್ಟಿದ ನವನಗರಕ್ಕೆ ಹೋಗಿರಬೇಕು ಎಂದರು. ನವನಗರದಲ್ಲಿ ಯಾರನ್ನು ಕೇಳಿದರೂ ಒಂದೇ ಮರುಪ್ರಶ್ನೆ, "ಯಾವ ಸೆಕ್ಟರ್?" ನನಗೆ ಸೆಕ್ಟರ್ ಗೊತ್ತಿರಲಿಲ್ಲ. ಸುಣ್ಣದ ಬೋರ್ಡಿಗೆ ಸೆಕ್ಟರ್ ಇರುತ್ತದೆಯೇ? ಅಕ್ಕನ ಹೆಸರನ್ನೂ ನಾನು ಎಂದೂ ಕೇಳಿರಲಿಲ್ಲ. ಅಕ್ಕ ಎಂದರೆ ಸಾಕಾಗಿತ್ತು. ಎರಡು ಸಲ ಹುಡುಕಿ ಬಿಟ್ಟುಬಿಟ್ಟೆ.

ನಿವೃತ್ತಿಯಾದ ಮೇಲೆ ಪಿಂಚಣಿಯ ಕಾಗದಕ್ಕೆ ಸಹಿ ಬೇಕಾಗಿ ನವನಗರದ ಒಂದು ಕಚೇರಿಗೆ ಹೋಗಿದ್ದೆ. ಸಾಹೇಬರು ಊಟಕ್ಕೆ ಹೋಗಿದ್ದಾರೆ ಎಂದರು. ಏಪ್ರಿಲ್ ತಿಂಗಳ ಬಿಸಿಲು, ಕೊಡೆ ಬಿಚ್ಚಿ ಸುಮ್ಮನೆ ನಡೆಯುತ್ತಿದ್ದೆ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಮನೆಗಳ ಸಾಲು. ಎಲ್ಲಿಂದಲೋ ಕೇಳಿಸಿತು. ಮೂರು ಏಟು, ಒಂದು ತಡೆ, ಎರಡು ಏಟು.

ನಾನು ಗೇಟನ್ನು ನೋಡಲಿಲ್ಲ, ಸುತ್ತುಹಾಕಿ ಹಿಂದಕ್ಕೆ ಹೋದೆ. ತಗಡಿನ ಚಪ್ಪರದ ಕೆಳಗೆ ಕಲ್ಲಿನ ಮುಂದೆ ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು ಕೂತಿದ್ದಳು. ಅವಳ ಹೆಬ್ಬೆರಳು ನೆಟ್ಟಗಿತ್ತು. ಆದರೂ ತಾಳ ಅದೇ, ಅದೇ ಕುಂಟು. ಅವಳು ಅಕ್ಕನ ಸೊಸೆ. ಅತ್ತೆಯ ಕೈ ನೋಡಿ ಕಲಿತವಳು, ತಡೆಯನ್ನೂ ಸೇರಿಸಿಯೇ ಕಲಿತಿದ್ದಾಳೆ. ಮೂಲೆಯಲ್ಲಿ ಪುಂಡಿಸೊಪ್ಪು ಬಿಡಿಸುತ್ತ ಕೂತಿದ್ದ ಮುದುಕಿ ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿದರು. ಹೇಗಿದ್ದೀರಿ, ಎಲ್ಲಿದ್ದಿರಿ ಎಂದೇನೂ ಕೇಳಲಿಲ್ಲ. ಸೊಸೆಗೆ ಹೇಳಿದರು: "ಬಿಸ್ಕತ್ತಿನ ಅಕ್ಕೋರು ಬಂದಿದ್ದಾರೆ, ಮಣೆ ಹಾಕು."

ಆ ದಿನ ನಾಲ್ಕು ರೊಟ್ಟಿ ಉಂಡೆ. ಸಹಿ ಮರುದಿನ ಆಯಿತು.

ನನಗೆ ಕೊಟ್ಟ ಸಮಯದಲ್ಲಿ ಅರ್ಧಕ್ಕಿಂತ ಹೆಚ್ಚು ಅಕ್ಕನಿಗೇ ಹೋಯಿತು, ಹೋಗಲಿ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಗಾಡಿಯ ಗದ್ದಲದಲ್ಲಿ ಸದ್ದು ಕೇಳುವುದಿಲ್ಲ ಎನ್ನುವವರು ಹಿಟ್ಟಿನ ಗಿರಣಿಗೆ ಹೋಗಿ. ಮೊಬೈಲನ್ನು ಏಕೆ ಕೇಳುತ್ತೀರಿ, ಮೊಬೈಲಿಗೆ ಬಾಯಿ ಉಂಟು, ಹೊಟ್ಟೆ ಇಲ್ಲ. ಗಿರಣಿಯವನನ್ನು ಕೇಳಿ: ದಿನಾ ಬೆಳಗ್ಗೆ ಜೋಳ ತಂದು ಬೀಸಿಸಿಕೊಂಡು ಹೋಗುವ ಖಾನಾವಳಿ ಯಾವುದು? ತಿಂಗಳಿಗೊಮ್ಮೆ ಚೀಲಗಟ್ಟಲೆ ಬೀಸಿಸುವವರ ಹೆಸರು ಬೇಡ, ದಿನಾ ಬರುವವರ ಹೆಸರು ಬೇಕು. ಜೋಳ ಯಾವುದು ಎಂದೂ ಕೇಳಿ. ಹಿಂಗಾರಿಯ ಬಿಳಿಜೋಳ, ಮಾಲದಂಡಿ, ನಮ್ಮ ಇಲಾಖೆಯ ಕಾಗದದಲ್ಲಿ ಎಂ 35-1 ಎಂದು ಬರೆಯುತ್ತಿದ್ದೆವಲ್ಲ, ಅದು ಎಂದರೆ ಎರಡನೆಯ ಮಾತಿಲ್ಲದೆ ಹೋಗಿ. ಡೋಣಿ ಹರಿದರೆ ಓಣಿಗೆಲ್ಲ ಕಾಳು ಎನ್ನುವ ಡೋಣಿ ಹೊಳೆಯ ಸೀಮೆ ಪಕ್ಕದಲ್ಲೇ ಇರುವಾಗ ಹಳೆಯ ಹಿಟ್ಟು ತಿನ್ನುವ ಕರ್ಮ ನಿಮಗೇಕೆ?

ವಿಜಯಪುರಕ್ಕೆ ಹೋಗುವವರಿಗೂ ಇದೇ ಮಾತು. ಗೋಳಗುಮ್ಮಟದ ಒಳಗೆ ಒಂದು ಚಪ್ಪಾಳೆ ಏಳು ಸಲ ಮರಳಿ ಕೇಳುತ್ತದೆ ಎಂದು ಉಸಿರು ಹಿಡಿದು ಕಿವಿ ಕೊಟ್ಟು ನಿಲ್ಲುತ್ತೀರಿ. ಹೊರಗೆ ಬಂದ ಕೂಡಲೇ ಆ ಕಿವಿಯನ್ನು ಗುಮ್ಮಟದಲ್ಲೇ ಬಿಟ್ಟು ಬೋರ್ಡು ನೋಡುತ್ತೀರಿ. ಅದೇ ಕಿವಿ ಇಟ್ಟುಕೊಂಡು ಗಾಂಧಿ ಚೌಕದ ಒಳಓಣಿಗಳಲ್ಲಿ ಅರ್ಧ ತಾಸು ನಡೆಯಿರಿ.

ಮಾಂಸದೂಟದವರು ಬೇಸರಿಸಬೇಡಿ. ಗುಳೇದಗುಡ್ಡದಲ್ಲಿ, ಬಾಗಲಕೋಟೆಯಲ್ಲಿ ಸಾವಜಿ ಖಾನಾವಳಿಗಳಿವೆ. ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜದವರ ಮನೆಯ ಅಡುಗೆ ಅದು, ರಸ್ಸಾದ ಮೇಲೆ ಕೆಂಪು ಎಣ್ಣೆ ತೇಲುತ್ತಿರುತ್ತದೆ. ನಾನು ಮಾಂಸ ತಿನ್ನುವವಳಲ್ಲ. ಆದರೆ ನಮ್ಮ ಜೀಪಿನ ಚಾಲಕರು ತಿನ್ನುತ್ತಿದ್ದರು. ಅವರ ಊಟ ಮುಗಿಯುವವರೆಗೆ ಜೀಪಿನಲ್ಲಿ ಕೂತು ಕೇಳಿಸಿಕೊಂಡಿದ್ದೇನೆ. ಖಣ ನೇಯುವ ಮಗ್ಗದ ಸದ್ದಿನ ನಡುವೆಯೂ ರೊಟ್ಟಿಯ ಸದ್ದು ಬೇರೆಯಾಗಿ ಕೇಳುತ್ತಿತ್ತು. ಕೇಳಿಸದ ದಿನ ಚಾಲಕರು ಮುಖ ಸಣ್ಣದು ಮಾಡಿಕೊಂಡು ಹೊರಗೆ ಬರುತ್ತಿದ್ದರು. ಇದಕ್ಕಿಂತ ಪುರಾವೆ ಬೇಕೆ?

ಒಂದು ಕಡೆ ಮಾತ್ರ ನಿಮಗೆ ಸದ್ದು ಕೇಳುವುದಿಲ್ಲ, ಆದರೂ ಉಣ್ಣಿ. ಬಾದಾಮಿಯ ಹತ್ತಿರ ಬನಶಂಕರಿ. ಗುಡಿಯ ಹೊಂಡದ ಹತ್ತಿರ ಹೆಣ್ಣುಮಕ್ಕಳು ತಲೆಯ ಮೇಲೆ ಬುಟ್ಟಿ ಹೊತ್ತು ಬರುತ್ತಾರೆ. ಬಟ್ಟೆ ಬಿಚ್ಚಿದರೆ ರೊಟ್ಟಿ, ಝುಣಕ, ಕಾಳುಪಲ್ಯ, ಕೆಂಪು ಚಟ್ನಿ, ಸಣ್ಣ ಮಣ್ಣಿನ ಗಡಿಗೆಯಲ್ಲಿ ಮೊಸರು. ಬೋರ್ಡಿಲ್ಲ, ಬೋರ್ಡು ಹೊಡೆಯಲು ಗೋಡೆಯೂ ಇಲ್ಲ. ಮರದ ಕೆಳಗೆ ಕೂತು ಕೈಯಲ್ಲೇ ರೊಟ್ಟಿ ಇಟ್ಟುಕೊಂಡು ಉಣ್ಣಬೇಕು. ಸದ್ದು ಎಲ್ಲಿ ಎಂದು ನನ್ನನ್ನು ಕೇಳಬೇಡಿ, ಅದು ಬೆಳಗಿನ ಜಾವ ಅವರ ಊರಿನಲ್ಲಿ ಆಗಿಹೋಗಿರುತ್ತದೆ. ಬೆಲೆಯಲ್ಲಿ ಚೌಕಾಸಿ ಮಾಡಬೇಡಿ. ಅಷ್ಟು ದೂರ ಕಾರಿನಲ್ಲಿ ಬಂದವರು ಎರಡು ರೊಟ್ಟಿಗೆ ಚೌಕಾಸಿ ಮಾಡುವುದನ್ನು ನಾನು ನೋಡಿದ್ದೇನೆ, ನನಗೇ ನಾಚಿಕೆಯಾಗಿದೆ.

ಬೆಳಗಾವಿಯ ಕುಂದಾ, ಅಮೀನಗಡದ ಕರದಂಟು ಎಂದೂ ಬರೆದುಕೊಂಡು ಬಂದಿದ್ದೆ. ಸಮಯವಿಲ್ಲ. ಅವು ಹೇಗೂ ನಿಮಗೆ ಸಿಗುತ್ತವೆ, ಡಬ್ಬಿಯಲ್ಲಿ ಬರುತ್ತವೆ.

ಖಾನಾವಳಿಗೆ ಹೋದ ಮೇಲೆ ಏನಿದೆ ಎಂದು ಪಟ್ಟಿ ಕೇಳಬೇಡಿ, ಬಂದದ್ದನ್ನು ಉಣ್ಣಿ. ತಟ್ಟೆಯ ಫೋಟೊ ತೆಗೆಯುವಷ್ಟರಲ್ಲಿ ರೊಟ್ಟಿ ಬಿರುಸಾಗುತ್ತದೆ ಎಂದು ಆಗಲೇ ಹೇಳಿದ್ದೇನೆ. ಎರಡನೆಯ ರೊಟ್ಟಿ ಮೊದಲನೆಯದಕ್ಕಿಂತ ಬಿಸಿ ಇರುತ್ತದೆ, ಬೇಡ ಎನ್ನಬೇಡಿ. ಎದ್ದು ಹೋಗುವಾಗ ಹಣ ಎಣಿಸಿಕೊಳ್ಳುವ ಗಂಡಸಿಗೆ ಊಟ ಚೆನ್ನಾಗಿತ್ತು ಎಂದು ಹೇಳಿ ಹೋಗುತ್ತೀರಿ. ಅವನಿಗಲ್ಲ, ಎರಡು ಹೆಜ್ಜೆ ಹಿಂದಕ್ಕೆ ನಡೆದು ಕಲ್ಲಿನ ಮುಂದೆ ಕೂತವರಿಗೆ ಹೇಳಿ.

ನವನಗರದ ಅಕ್ಕನ ಮನೆ ಯಾವ ಸೆಕ್ಟರ್ ಎಂದು ಈ ಭಾಷಣ ಮುಗಿದ ಮೇಲೆ ಖಂಡಿತ ಯಾರಾದರೂ ಫೋನು ಮಾಡಿ ಕೇಳುತ್ತೀರಿ. ಹೇಳುವುದಿಲ್ಲ. ಹನ್ನೆರಡರಿಂದ ಎರಡರವರೆಗೆ ಗಾಡಿ ನಿಲ್ಲಿಸಿ ನಡೆದುಕೊಂಡು ಹೋಗಿ. ಮೂರು ಏಟು, ಒಂದು ತಡೆ, ಎರಡು ಏಟು. ಅಮಾವಾಸ್ಯೆಯ ದಿನ ಹೋಗಬೇಡಿ, ಅವತ್ತು ಒಲೆ ಹೊತ್ತಿಸುವುದಿಲ್ಲ.

ನಮಸ್ಕಾರ.