ಯವತೇಶ್ವರ ಘಾಟಿನ ಓಟ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಬೆಳಗಾವಿ, ಕೊಲ್ಲಾಪುರ ದಾಟಿ ಮುಂದೆ ಹೋದರೆ ಸಾತಾರಾ ಸಿಗುತ್ತದೆ. ಅಜಿಂಕ್ಯತಾರಾ ಕೋಟೆಯ ಬುಡದ ಊರು, ಒಂದು ಕಾಲಕ್ಕೆ ಮರಾಠಾ ಛತ್ರಪತಿಗಳ ರಾಜಧಾನಿ. 2011ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 1,20,000 ಜನ. ಮಳೆಗಾಲದ ಒಂದು ಭಾನುವಾರ ಊರಿಗೆ ಊರೇ ನಸುಕಿನಲ್ಲೆದ್ದು ಬೀದಿಗೆ ಬರುತ್ತದೆ. ಅಂದು ಸಾತಾರಾ ಹಿಲ್ ಹಾಫ್ ಮ್ಯಾರಥಾನ್.

ದೂರ 21 ಕಿಲೋಮೀಟರಿಗೆ ತುಸು ಹೆಚ್ಚು. ಊರೊಳಗಿಂದ ಹೊರಟು, ಯವತೇಶ್ವರ ಘಾಟ್ ಹತ್ತಿ, ಕಾಸ್ ಕಡೆಯ ರಸ್ತೆಯಲ್ಲಿ ಒಂದಷ್ಟು ಸಾಗಿ, ಅದೇ ದಾರಿಯಲ್ಲಿ ಮರಳಬೇಕು. ಕಾಸ್ ಎಂದರೆ ಹೂವಿನ ಪ್ರಸ್ಥಭೂಮಿ. ಜಂಬಿಟ್ಟಿಗೆ ಕಲ್ಲಿನ ಮೇಲೆ ತೆಳುವಾಗಿ ಕೂತ ಮಣ್ಣು. ಮರ ಬೇರೂರಲಾಗದ ಆ ನೆಲದಲ್ಲಿ ಮಳೆ ಬಿದ್ದೊಡನೆ ಪುಟ್ಟ ಗಿಡಗಳು ಚಿಗುರಿ ಬಯಲೆಲ್ಲ ಬಣ್ಣವಾಗುತ್ತದೆ. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕಾಸ್ ಕೂಡ ಅದರಲ್ಲಿತ್ತು. ಓಟ ಆ ಬಯಲಿನವರೆಗೆ ಹೋಗುವುದಿಲ್ಲ. ಅದು ಒಳ್ಳೆಯದೇ, ಸಾವಿರಾರು ಜೋಡಿ ಬೂಟುಗಳನ್ನು ತಾಳುವ ನೆಲವಲ್ಲ ಅದು.

ಘಾಟ್ ಹತ್ತುವಾಗ ತಿರುವು ತಿರುವಿಗೂ ಸಾತಾರಾ ಕೆಳಗಿಳಿಯುತ್ತ ಹೋಗುತ್ತದೆ. ಮಂಜು ಕವಿದರೆ ಮುಂದಿನವರ ಬೆನ್ನಷ್ಟೇ ಕಾಣುತ್ತದೆ, ಸರಿದರೆ ಇಡೀ ಕಣಿವೆ. ಇಲ್ಲಿ ಹೆಜ್ಜೆ ಚಿಕ್ಕದಾಗಿರಬೇಕು. ಏದುಸಿರು ಬಂದರೆ ನಡೆಯಿರಿ, ಅದರಲ್ಲಿ ಅವಮಾನವೇನೂ ಇಲ್ಲ.

ಎಲ್ಲರೂ ಏರನ್ನು ನೆನೆದು ಹೆದರುತ್ತಾರೆ. ನಾನು ಹೇಳುವುದು ಇಳಿಜಾರಿನ ಬಗ್ಗೆ ಎಚ್ಚರವಿರಲಿ ಎಂದು. ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತ ಕೆಲಸ ಮಾಡುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆಹಿಡಿಯಬೇಕು. ಆ ಸೆಳೆತಕ್ಕೆ ಅದರ ಎಳೆಗಳು ಸೂಕ್ಷ್ಮವಾಗಿ ಹರಿಯುತ್ತವೆ. ಆ ಹೊತ್ತಿಗೆ ಏನೂ ಅನ್ನಿಸದು. ಉಸಿರೂ ಹಗುರ, ವೇಗವೂ ಸಲೀಸು. ಊರು ಮುಟ್ಟುವಷ್ಟರಲ್ಲಿ ಕಾಲು ಕಂಬವಾಗಿರುತ್ತದೆ. ಮರುದಿನ, ಅದರ ಮರುದಿನ ಮೆಟ್ಟಿಲು ಇಳಿಯುವುದೇ ಕಷ್ಟ. ಇದಕ್ಕೆ ಮದ್ದು ಮೊದಲೇ ಇಳಿದು ಅಭ್ಯಾಸ ಮಾಡುವುದು. ಒಮ್ಮೆ ಇಳಿಜಾರಿನ ಪೆಟ್ಟು ತಿಂದು ಸುಧಾರಿಸಿಕೊಂಡ ಸ್ನಾಯು ಮುಂದಿನ ಕೆಲವು ವಾರ ಅಷ್ಟು ಸುಲಭಕ್ಕೆ ಸೋಲುವುದಿಲ್ಲ.

ಕಾಲು ಸೋತ ಆ ಕೊನೆಯ ದೂರದಲ್ಲೇ ಊರಿನವರು ಕೈಹಿಡಿಯುತ್ತಾರೆ. ಢೋಲ್-ತಾಶಾ ಬಾರಿಸುವವರು, ಅಂಗೈ ಚಾಚಿ ನಿಲ್ಲುವ ಮಕ್ಕಳು, ಮನೆ ಬಾಗಿಲಲ್ಲಿ ನಿಂತು ಕೂಗುವ ಅಜ್ಜಿಯರು. ಮಹಾನಗರದ ಓಟಗಳಲ್ಲಿ ರಸ್ತೆ ಯಾವಾಗ ಬಿಡುತ್ತಾರೆಂದು ಹಾರ್ನ್ ಹೊಡೆಯುವವರನ್ನು ಕಂಡ ನನಗೆ ಇದು ದೊಡ್ಡ ಸಂಗತಿ. ಈ ಜಿಲ್ಲೆಗೆ ಓಟ ಹೊಸದೂ ಅಲ್ಲ. ಬರಪೀಡಿತ ಮಾಣ್ ತಾಲ್ಲೂಕಿನ ಲಲಿತಾ ಬಾಬರ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅಡ್ಡಗಟ್ಟೆ, ನೀರಿನ ಗುಂಡಿ ಹಾರುತ್ತ ಓಡುವ 3,000 ಮೀಟರ್ ಸ್ಟೀಪಲ್‌ಚೇಸ್‌ನ ಫೈನಲ್ ಓಡಿ ಹತ್ತನೆಯವರಾದರು. ವೈಯಕ್ತಿಕ ಟ್ರ್ಯಾಕ್ ಸ್ಪರ್ಧೆಯಲ್ಲಿ 1984ರ ಪಿ.ಟಿ. ಉಷಾ ಅವರ ನಂತರ ಒಲಿಂಪಿಕ್ಸ್ ಫೈನಲ್ ತಲುಪಿದ ಮೊದಲ ಭಾರತೀಯ ಮಹಿಳೆ ಅವರು.

ಹೋಗುವ ಮನಸ್ಸಿದ್ದವರು ನೋಂದಣಿ ಯಾವಾಗ ತೆರೆಯುತ್ತದೆಂದು ಗಮನವಿಡಿ, ಬೇಗ ಭರ್ತಿಯಾಗುತ್ತದೆ. ಅಭ್ಯಾಸಕ್ಕೆ ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ರಸ್ತೆಯಿದೆ, ಬೆಂಗಳೂರಿನವರಿಗೆ ನಂದಿಬೆಟ್ಟ. ಹತ್ತಿದ ಮೇಲೆ ವಾಹನ ಹಿಡಿದು ಕೆಳಗೆ ಬರಬೇಡಿ, ಓಡುತ್ತಲೇ ಇಳಿಯಿರಿ. ನಮಸ್ಕಾರ.