ಅಪ್‌ಡೇಟ್ ಮಾಡಿದ್ರೂ ಹಳೇದಾಗೇ ಉಳಿಯುವ ಫೈಲ್‌ಗಳು

ನಮಸ್ಕಾರ. ನಾವೀಗ ಹುಬ್ಬಳ್ಳಿ ದುರ್ಗದಬೈಲಿನ ಒಂದು ಹೋಲ್‌ಸೇಲ್ ಅಂಗಡಿಯಲ್ಲಿದ್ದೇವೆ. ವಿಂಡೋಸ್ ಅಪ್‌ಡೇಟ್ ಆಗಿದೆ, ಆಂಟಿವೈರಸ್ ಹಸಿರು ಟಿಕ್ ತೋರಿಸ್ತಿದೆ. "ಎಲ್ಲಾ ಬರೋಬ್ಬರಿ ಐತಲ್ರಿ, ಮತ್ತೇನ್ ನೋಡ್ತೀರಿ?" ಅಂತಾರೆ ಸಾವುಕಾರ್ರು.

[ಸ್ಕ್ರೀನ್: ಸಿ ಡ್ರೈವ್, ಸರ್ಚ್ ಬಾಕ್ಸ್]

'ಲಿಬ್‌ಕ್ರಿಪ್ಟೋ' ಅಂತ ಹುಡುಕೋಣ. ಸ್ಪೆಲ್ಲಿಂಗ್ ಸ್ಕ್ರೀನ್ ಮೇಲಿದೆ. ಇದು ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ ಫೈಲ್. ಲೈಬ್ರರಿ ಅಂದ್ರೆ ಬೇರೆ ಬೇರೆ ಸಾಫ್ಟ್‌ವೇರ್‌ಗಳು ತಮ್ಮೊಳಗೆ ಸೇರಿಸಿಕೊಳ್ಳೋ ರೆಡಿಮೇಡ್ ಕೋಡ್. ಡೇಟಾವನ್ನು ಬೇರೆಯವರು ಓದದಂತೆ ಕಳಿಸೋಕೆ ಬೇಕು. ನೋಡಿ, ಬಿಲ್ಲಿಂಗ್ ಫೋಲ್ಡರ್‌ನಲ್ಲಿ ಒಂದು, ಬ್ಯಾಕಪ್ ಸಾಫ್ಟ್‌ವೇರ್‌ನಲ್ಲಿ ಒಂದು, ಡೇಟಾಬೇಸ್ ಜೊತೆ ಇನ್ನೊಂದು.

[ಸ್ಕ್ರೀನ್: ರೈಟ್ ಕ್ಲಿಕ್, ಪ್ರಾಪರ್ಟೀಸ್, ಡೀಟೇಲ್ಸ್]

ಬಿಲ್ಲಿಂಗ್‌ನದ್ದು 1.1.1. ಈ ಸರಣಿಗೆ ಎಲ್ಲರಿಗೂ ಸಿಗುತ್ತಿದ್ದ ಸಪೋರ್ಟ್, ಅಂದ್ರೆ ಭದ್ರತಾ ದೋಷ ಸರಿಮಾಡಿ ಕೊಡೋದು, 2023ರ ಸೆಪ್ಟೆಂಬರ್ 11ಕ್ಕೇ ಮುಗಿದಿದೆ. ವಿಂಡೋಸ್ ಅಪ್‌ಡೇಟ್ ಈ ಫೈಲನ್ನು ಮುಟ್ಟೋದೇ ಇಲ್ಲ, ಯಾಕಂದ್ರೆ ಅದು ಬಿಲ್ಲಿಂಗ್ ಕಂಪನಿ ತಂದಿಟ್ಟಿದ್ದು. ಅವರೇ ಬದಲಿಸಬೇಕು.

ಹೀಗೆ ಲೈಬ್ರರಿಯನ್ನು ಜೊತೆಗೇ ಕಟ್ಟಿ ಕೊಡೋಕೆ ಕಾರಣ ಇದೆ. ಇನ್‌ಸ್ಟಾಲ್ ಮಾಡಿದ ಕೂಡಲೇ ಓಡುತ್ತೆ, "ಆ ಫೈಲ್ ಸಿಗ್ತಿಲ್ಲ" ಅನ್ನೋ ಫೋನ್ ಬರಲ್ಲ. ಡೆವಲಪರ್ ಆಗಿದ್ರೆ ನಾನೂ ಅದನ್ನೇ ಮಾಡ್ತಿದ್ದೆ. ತಕರಾರು ಇರೋದು ಕಟ್ಟಿಟ್ಟು ಮರೆಯೋದರ ಬಗ್ಗೆ.

ಅದೇ ಸೆಪ್ಟೆಂಬರ್‌ನಲ್ಲಿ ಲಿಬ್‌ವೆಬ್‌ಪಿ ಎಂಬ ಚಿತ್ರ ತೆರೆಯುವ ಲೈಬ್ರರಿಯಲ್ಲಿ ದೊಡ್ಡ ದೋಷ ಸಿಕ್ಕಿತು. ಲೈಬ್ರರಿಯನ್ನು 1.3.2ರಲ್ಲಿ ಸರಿಮಾಡಿದರು, ಕ್ರೋಮ್ ಮತ್ತು ಫೈರ್‌ಫಾಕ್ಸ್ ಕೂಡಲೇ ಅಪ್‌ಡೇಟ್ ಕೊಟ್ಟವು. ಆದ್ರೆ ಎಲೆಕ್ಟ್ರಾನ್, ಅಂದ್ರೆ ಕ್ರೋಮ್‌ನ ಮೂಲ ಕೋಡನ್ನೇ ಒಳಗಿಟ್ಟುಕೊಂಡು ಆ್ಯಪ್ ಕಟ್ಟೋ ಸಾಧನ, ಬಳಸಿ ಮಾಡಿದ ಆ್ಯಪ್‌ಗಳ ಹೊಟ್ಟೆಯಲ್ಲೂ ಅದೇ ಕೋಡ್. ಪ್ರತಿ ಆ್ಯಪ್‌ನವರೂ ಬೇರೆ ಬೇರೆಯಾಗಿ ಹೊಸ ವರ್ಷನ್ ಬಿಡಬೇಕಾಯ್ತು.

ಫೈಲ್ ಹೆಸರು ಕಂಡ್ರೆ ಪುಣ್ಯ. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಎಂಬ ಜಾವಾ ಲೈಬ್ರರಿಯಲ್ಲಿ ದೋಷ ಸಿಕ್ಕಿ ಗಲಾಟೆ ಆಯ್ತಲ್ಲ, ಆಗ ಜಾರ್ ಫೈಲ್ (ಜಾವಾ ಕೋಡಿನ ಗಂಟು) ಒಳಗೆ ಇನ್ನೊಂದು ಜಾರ್, ಅದರೊಳಗೆ ಲೈಬ್ರರಿ. ಸುಮ್ನೆ ಹೆಸರು ಹಾಕಿ ಹುಡುಕಿದ್ರೆ ಸಿಗ್ತಿರಲಿಲ್ಲ. ಸ್ಟ್ಯಾಟಿಕ್ ಲಿಂಕ್ ಆಗಿದ್ರಂತೂ ಲೈಬ್ರರಿ ಬೇರೆ ಫೈಲ್ ಆಗಿ ಇರಲ್ಲ, ಪ್ರೋಗ್ರಾಮ್‌ನ ಇಎಕ್ಸ್‌ಇ ಫೈಲ್ ಒಳಗೇ ಬೆರೆತಿರುತ್ತೆ. ಕೆಲವರು ಕಾಪಿಯಲ್ಲಿ ತಮಗೆ ಬೇಕಾದಂತೆ ತಿದ್ದಿರ್ತಾರೆ. ಹೊಸ ವರ್ಷನ್ ಬಂದಾಗ ಆ ತಿದ್ದುಪಡಿಗಳನ್ನೆಲ್ಲ ಮತ್ತೆ ಕೂಡಿಸಬೇಕು. ಆ ತಲೆನೋವಿಗೆ ಹೆದರಿ ಅಪ್‌ಡೇಟೇ ಮಾಡಲ್ಲ.

ಹಾಗಂತ ನೀವೇ ಹಳೇ ಡಿಎಲ್‌ಎಲ್ (ವಿಂಡೋಸ್‌ನಲ್ಲಿ ಲೈಬ್ರರಿಯ ಫೈಲ್) ತೆಗೆದು ಹೊಸದು ಹಾಕೋಕೆ ಹೋಗಬೇಡಿ. 1.1.1 ಜಾಗಕ್ಕೆ 3ರ ಸರಣಿ ಹಾಕಿದ್ರೆ ಫೈಲ್ ಹೆಸರೇ ಬೇರೆ, ಬಿಲ್ಲಿಂಗ್ ಓಪನ್ ಆಗಲ್ಲ. ಎಎಮ್‌ಸಿ (ವರ್ಷದ ನಿರ್ವಹಣೆ ಒಪ್ಪಂದ) ದುಡ್ಡು ಕಟ್ಟೋ ಮುಂಚೆ ಕಂಪನಿಗೆ ಫೋನ್ ಹಚ್ಚಿ: ಒಳಗೆ ಯಾವ್ಯಾವ ಲೈಬ್ರರಿ, ಯಾವ ವರ್ಷನ್, ಪಟ್ಟಿ ಕೊಡಿ ಅಂತ ಕೇಳಿ. ಸಾವುಕಾರ್ರು ಈಗ ಅದನ್ನೇ ಮಾಡ್ತಿದ್ದಾರೆ.